ಗುಂಯ್‌ಗುಟ್ಟುವ ಪೆಟ್ಟಿಗೆಯ ಲೆಕ್ಕ

೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ದೂರದ ಕೋಲಾರದ ಚಿನ್ನದ ಗಣಿ ಮುಟ್ಟಿದ್ದು ಟ್ರಾನ್ಸ್‌ಫಾರ್ಮರುಗಳ ಬಲದಿಂದ. ಇಂದು ನಮ್ಮ ಸದಾಶಿವ ಪೇಠದಲ್ಲಿ ಹಳೆಯ ವಾಡೆಗಳ ಜಾಗದಲ್ಲಿ ಎದ್ದ ದೊಡ್ಡ ಕಟ್ಟಡಗಳಿಗೂ ಅದೇ ಆಧಾರ. ಆದರೆ ಆ ಪೆಟ್ಟಿಗೆ ತಾನೇ ಎಷ್ಟು ವಿದ್ಯುತ್ತು ನುಂಗುತ್ತದೆ?

ನಷ್ಟ ಎರಡು ಬಗೆ. ಕಬ್ಬಿಣದ ತಿರುಳಿನ ನಷ್ಟ, ಮನೆಮಂದಿಯೆಲ್ಲ ಮಲಗಿದ್ದರೂ ಹಗಲಿರುಳು ಒಂದೇ ಸಮ. ತಂತಿಸುರುಳಿಯ ನಷ್ಟ ಹೊರೆಯ ವರ್ಗದಂತೆ ಏರುತ್ತದೆ. ಹೊರೆ ಅರ್ಧವಾದರೆ ಈ ನಷ್ಟ ಕಾಲುಭಾಗ.

೨೦೦ ಕೆವಿಎ ಟ್ರಾನ್ಸ್‌ಫಾರ್ಮರೊಂದರ ಪರೀಕ್ಷಾ ವರದಿಯಲ್ಲಿ ತಿರುಳಿನ ನಷ್ಟ ೩೦೦ ವ್ಯಾಟ್, ಪೂರ್ಣ ಹೊರೆಯಲ್ಲಿ ಸುರುಳಿಯ ನಷ್ಟ ೨,೪೦೦ ವ್ಯಾಟ್ ಎಂದಿದೆ ಎನ್ನೋಣ. ತಿರುಳಿಗೆ ದಿನಕ್ಕೆ ೭.೨ ಯುನಿಟ್ ಹೋಯಿತು. ಇನ್ನು ಸುರುಳಿ: ದಿನದ ೬ ಗಂಟೆ ಶೇ. ೬೦ ಹೊರೆಯಿದ್ದರೆ ನಷ್ಟ ೮೬೪ ವ್ಯಾಟ್. ಉಳಿದ ೧೮ ಗಂಟೆ ಶೇ. ೨೦ ಇದ್ದರೆ ೯೬ ವ್ಯಾಟ್. ಒಟ್ಟು ೬.೯ ಯುನಿಟ್. ಎರಡೂ ಸೇರಿ ವರ್ಷಕ್ಕೆ ಸುಮಾರು ೫,೧೫೦ ಯುನಿಟ್! ಹನಿಹನಿಗೂಡಿದರೆ ಹಳ್ಳ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಇಲ್ಲೊಂದು ಎಚ್ಚರಿಕೆ. ದಿನದ ಸರಾಸರಿ ಹೊರೆ ಶೇ. ೩೦ ಎಂದು ಅದನ್ನೇ ವರ್ಗ ಮಾಡಿದರೆ ಸುರುಳಿಯ ನಷ್ಟ ೫.೨ ಯುನಿಟ್ಟೇ ಬರುತ್ತದೆ. ಕಾಲುಭಾಗ ಕಣ್ಣಿಗೇ ಬೀಳುವುದಿಲ್ಲ. ಗಂಟೆಗಂಟೆಯ ಹೊರೆ ಬರೆದಿಟ್ಟೇ ಲೆಕ್ಕ ಹಾಕಬೇಕು.

ಮೀಟರು ಟ್ರಾನ್ಸ್‌ಫಾರ್ಮರಿಗೆ ಮೊದಲೇ ಇದ್ದರೆ ಈ ನಷ್ಟ ನೇರವಾಗಿ ಸೊಸೈಟಿಯ ಬಿಲ್ಲಿಗೆ. ಆದ್ದರಿಂದ ಹೊಸ ಕಟ್ಟಡದ ಸಭೆಯಲ್ಲಿ "ಮುಂದಕ್ಕೆ ಬೇಕಾಗಬಹುದು, ದೊಡ್ಡದೇ ಇರಲಿ" ಎಂದು ಯಾರಾದರೂ ಅಂದಾಗ, ಓದಿದ ನೀವು ಸುಮ್ಮನೆ ಕೂರಬೇಡಿ. ಬೆಲೆಯ ಜೊತೆಗೆ ಆ ಎರಡು ನಷ್ಟದ ಅಂಕಿಗಳನ್ನೂ ಕೇಳಿ, ಮನೆಯ ಹಿರಿಯರಿಗೆ ಲೆಕ್ಕ ಹಾಕಿ ತೋರಿಸಿ.