ಹಾಜರಿ ಕೂಗುವ ದನಿ

ಬೆಳಿಗ್ಗೆ ಹಾಜರಿ ಕೂಗುವ ಐದು ನಿಮಿಷ ದಂಡ ಎಂದುಕೊಂಡವರಿದ್ದಾರೆ. ತರಗತಿಯಲ್ಲಿ ಕೂತು ನೋಡಿದವರಿಗೆ ಹಾಗನ್ನಿಸುವುದಿಲ್ಲ. ದಿನವೂ ಗಟ್ಟಿಯಾಗಿ ‘ಹಾಜರ್ ಸಾರ್’ ಎನ್ನುವ ಹುಡುಗನ ದನಿ ಒಂದು ದಿನ ಕುಗ್ಗಿದರೆ ಮೇಷ್ಟ್ರು ತಲೆಯೆತ್ತಿ ನೋಡುತ್ತಾರೆ. ಕಣ್ಣು ಕೆಂಪಗಿದೆ, ತಿಂಡಿ ತಿಂದಂತಿಲ್ಲ, ರಾತ್ರಿ ಮನೆಯಲ್ಲಿ ಏನೋ ನಡೆದಿದೆ. ಅವತ್ತು ಅವನನ್ನು ಬೋರ್ಡಿಗೆ ಕರೆಯುವುದು ಬೇಡವೆಂದು ಅಲ್ಲೇ ತೀರ್ಮಾನವಾಗುತ್ತದೆ. ಪಾಠ ಶುರುವಾಗುವುದು ಆಮೇಲೆ.

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಶಾಲೆಗಳ ಬಾಗಿಲು ಮುಚ್ಚಿದಾಗ ಮೊದಲು ಕೈತಪ್ಪಿದ್ದು ಈ ನೋಟ. ಪರದೆಯ ಮೇಲೆ ನಲವತ್ತು ಪುಟ್ಟ ಚೌಕಗಳು, ಅರ್ಧಕ್ಕರ್ಧ ಕ್ಯಾಮೆರಾ ಆಫ್. ‘ಕೇಳಿಸ್ತಿದೆಯಾ ಮಕ್ಕಳೇ?’, ‘ಎಲ್ಲರೂ ಮ್ಯೂಟ್ ಮಾಡ್ಕೊಳಿ’, ‘ಅರ್ಥ ಆಯ್ತಾ?’ ಎಂಬ ಮೂರು ಮಾತುಗಳ ನಡುವೆ ಪಾಠ ಮುಗಿಯುತ್ತಿತ್ತು. ಅರ್ಥವಾಗದ ಮಗುವಿನ ಹಣೆಯ ಗಂಟು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆ ವರ್ಷ ಜೂನ್‌ನಲ್ಲಿ ರಾಜ್ಯ ಸರ್ಕಾರ ಚಿಕ್ಕ ತರಗತಿಗಳ ಆನ್‌ಲೈನ್ ಪಾಠವನ್ನು ನಿಷೇಧಿಸಿತು. ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಆಗ ನಡೆದ ವಾದವೆಲ್ಲ ಮೊಬೈಲು, ನೆಟ್‌ವರ್ಕು, ಕಣ್ಣಿನ ಆರೋಗ್ಯ, ಶುಲ್ಕದ ಸುತ್ತಲೇ ಸುತ್ತಿತು. ಮಗುವನ್ನು ಅಲ್ಲಿ ಯಾರು ಬಲ್ಲರು ಎಂಬ ಪ್ರಶ್ನೆ ಎಲ್ಲೋ ಮೂಲೆಯಲ್ಲೇ ಉಳಿಯಿತು. ನನಗೆ ಇವತ್ತಿಗೂ ಅದೇ ದೊಡ್ಡ ಪ್ರಶ್ನೆ.

ಪರದೆಯಲ್ಲಿ ಮಗು ಕೈತಪ್ಪುತ್ತದೆ ಎಂಬುದು ಮೇಷ್ಟ್ರುಗಳಿಗಂತೂ ಗೊತ್ತಿತ್ತು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2020ರಲ್ಲಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳಲ್ಲಿ ವಿಚಾರಿಸಿದಾಗ, ಆನ್‌ಲೈನ್ ತರಗತಿಯಲ್ಲಿ ಮಕ್ಕಳೊಂದಿಗೆ ಭಾವನಾತ್ಮಕ ನಂಟು ಉಳಿಸಿಕೊಳ್ಳಲು ಆಗುವುದೇ ಇಲ್ಲ ಎಂದವರು ಶೇ 80ಕ್ಕೂ ಹೆಚ್ಚು ಶಿಕ್ಷಕರು. ಅದೇ ಸಂಸ್ಥೆ ಮುಂದಿನ ವರ್ಷ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 16,067 ಮಕ್ಕಳ ಕಲಿಕೆಯನ್ನು ಪರಿಶೀಲಿಸಿತು. ಹಿಂದೆ ಬರುತ್ತಿದ್ದ ಒಂದಾದರೂ ಭಾಷಾ ಕೌಶಲವನ್ನು ಮರೆತ ಮಕ್ಕಳು ಶೇ 92, ಗಣಿತದಲ್ಲಿ ಶೇ 82. ಫೋನಿಲ್ಲದ ಮನೆಗಳು, ಬಿಡದೆ ಕಾಡಿದ ಬಡತನ, ಮುಚ್ಚಿದ ಬಾಗಿಲು ಎಲ್ಲವೂ ಇದಕ್ಕೆ ಕಾರಣ. ‘ನೀನ್ಯಾಕೆ ನಿನ್ನೆ ಬರಲಿಲ್ಲ?’ ಎಂದು ಕೇಳುವವರು ಇಲ್ಲದಿದ್ದದ್ದೂ ಒಂದು ಕಾರಣ ಎಂದು ನಾನು ನಂಬಿದ್ದೇನೆ.

ಆ ಕೇಳುವ ದನಿಯನ್ನು ಊರಿಗೇ ಕಳಿಸಿದ ಪ್ರಯತ್ನ ನಮ್ಮಲ್ಲೇ ನಡೆಯಿತು. 2020ರ ಆಗಸ್ಟ್‌ನಲ್ಲಿ ಶುರುವಾದ ರಾಜ್ಯ ಸರ್ಕಾರದ ‘ವಿದ್ಯಾಗಮ’ ಯೋಜನೆ ಮಕ್ಕಳನ್ನು ಮೂರು ಗುಂಪು ಮಾಡಿತು: ಸ್ಮಾರ್ಟ್‌ಫೋನ್ ಇರುವವರು, ಮಾತಾಡುವಷ್ಟಕ್ಕೆ ಮಾತ್ರ ಮೊಬೈಲ್ ಇರುವವರು, ಏನೂ ಇಲ್ಲದವರು. ಒಬ್ಬೊಬ್ಬ ಶಿಕ್ಷಕರ ಪಾಲಿಗೂ ಇಂತಿಷ್ಟು ಮಕ್ಕಳು. ದೇವಸ್ಥಾನದ ಜಗಲಿ, ಸಮುದಾಯ ಭವನ, ಅರಳಿಕಟ್ಟೆ ಎಲ್ಲೆಂದರಲ್ಲಿ ವಠಾರ ಶಾಲೆ ಕೂಡಿತು. ಬೈಕಿನ ಸದ್ದು ಕೇಳಿದರೆ ಸಾಕು, ‘ಮೇಷ್ಟ್ರು ಬಂದ್ರು’ ಎಂದು ಮಕ್ಕಳು ಓಡಿ ಬರುವ ದಿನಗಳು ಅವು. ಸೋಂಕಿನ ಭೀತಿ, ಶಿಕ್ಷಕರ ಸಾವುಗಳ ನಡುವೆ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. 2021ರ ಜನವರಿ 1ರಂದು ಬೇರೆ ರೂಪದಲ್ಲಿ ಮರಳಿತು. ಜೀವದ ಹಂಗು ತೊರೆದು ಓಣಿ ಓಣಿ ಸುತ್ತಿದ ಆ ಶಿಕ್ಷಕರಿಗೆ ಸಲ್ಲಬೇಕಾದಷ್ಟು ಗೌರವ ಇನ್ನೂ ಸಂದಿಲ್ಲ.

ಹಾಗಾದರೆ ಊರಿಗೆ ಹೋಗಲಾಗದಿದ್ದಾಗ ನಂಟು ಸಾಧ್ಯವೇ ಇಲ್ಲವೇ? ಇದಕ್ಕೆ ಉತ್ತರ ಸಿಕ್ಕಿದ್ದು ಆಫ್ರಿಕಾದ ಬೋಟ್ಸ್‌ವಾನಾದಲ್ಲಿ. ಶಾಲೆ ಮುಚ್ಚಿದ್ದ ಅದೇ 2020ರಲ್ಲಿ ಅಲ್ಲಿ ಸುಮಾರು 4,500 ಕುಟುಂಬಗಳನ್ನು ಆರಿಸಿಕೊಂಡು ಒಂದು ಪ್ರಯೋಗ ನಡೆಯಿತು. ಒಂದಷ್ಟು ಮನೆಗಳಿಗೆ ವಾರಕ್ಕೊಮ್ಮೆ ಗಣಿತದ ಲೆಕ್ಕಗಳನ್ನು ಎಸ್‌ಎಂಎಸ್‌ನಲ್ಲಿ ಕಳಿಸಿದರು. ಇನ್ನಷ್ಟು ಮನೆಗಳಿಗೆ ಎಸ್‌ಎಂಎಸ್ ಜೊತೆಗೆ ಕಲಿಸುವವರೊಬ್ಬರು ಸುಮಾರು ಇಪ್ಪತ್ತು ನಿಮಿಷ ಫೋನ್ ಮಾಡಿ, ಸ್ಪೀಕರ್ ಹಾಕಿಸಿ, ಮಗುವನ್ನೂ ಪೋಷಕರನ್ನೂ ಕೂರಿಸಿಕೊಂಡು ಲೆಕ್ಕ ಬಿಡಿಸಿದರು. ಬರೀ ಸಂದೇಶ ಹೋದ ಮನೆಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಕರೆ ಹೋದ ಮನೆಗಳ ಮಕ್ಕಳು ಕಲಿತರು. ಮುಂದೆ ಭಾರತ, ಕೀನ್ಯಾ, ನೇಪಾಳ, ಫಿಲಿಪ್ಪೀನ್ಸ್, ಉಗಾಂಡದಲ್ಲಿ ಇದನ್ನೇ ಮಾಡಿ ನೋಡಿದಾಗಲೂ ಕರೆಯದ್ದೇ ಮೇಲುಗೈ. ಅಲ್ಲಿ ವಿಡಿಯೊ ಇರಲಿಲ್ಲ, ಆ್ಯಪ್ ಇರಲಿಲ್ಲ. ಇದ್ದದ್ದು ಹೆಸರು ಹಿಡಿದು ಮಾತಾಡಿಸಿ, ತಪ್ಪಾದಾಗ ತಾಳ್ಮೆಯಿಂದ ಕಾಯುವ ಒಂದು ದನಿ ಮತ್ತು ಸಾಧಾರಣ ಮೊಬೈಲ್.

ಆ ಕರೆಯ ಒಳಗೊಂದು ಸಣ್ಣ ಸಂಗತಿ ಇದೆ. ಮೂವತ್ತು ಜನರ ಎದುರು ‘ನನಗೆ ಭಾಗಾಕಾರ ಬರಲ್ಲ’ ಎಂದು ಬಾಯಿಬಿಡದ ಮಗು, ಎದುರಿಗೆ ಒಬ್ಬರೇ ಇದ್ದಾಗ ಹೇಳಿಬಿಡುತ್ತದೆ. ಎಲ್ಲಿ ಬರುವುದಿಲ್ಲವೋ ಅಲ್ಲಿಂದ ಕಲಿಸಬಹುದು. ಮುಖಾಮುಖಿ ತರಗತಿಯಲ್ಲೂ ಸುಲಭಕ್ಕೆ ಸಿಗದ ಸಲಿಗೆ ಇದು.

ಇದೆಲ್ಲ ಹಳೆಯ ಕಥೆ ಎನ್ನುವಂತಿಲ್ಲ. ಟ್ಯೂಷನ್ನು, ನೀಟ್ ಮತ್ತು ಜೆಇಇ ತರಬೇತಿಗಳು ಪರದೆಗೆ ಹೋಗಿ ಕೂತಿವೆ. ಸಾವಿರಾರು ಮಕ್ಕಳು ಒಟ್ಟಿಗೆ ನೋಡುವ ತರಗತಿಯಲ್ಲಿ ಪಾಠ ಹೇಳುವವರಿಗೆ ಒಂದು ಮಗುವಿನ ಹೆಸರೂ ಗೊತ್ತಿರುವುದಿಲ್ಲ. ಅದನ್ನು ಒಳ್ಳೆಯ ಉಪನ್ಯಾಸ ಎನ್ನೋಣ, ಶಾಲೆ ಎನ್ನುವುದು ಬೇಡ.

ಆನ್‌ಲೈನ್ ಶಾಲೆ ನಡೆಸುವವರು ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು ಎಂಬುದನ್ನು ಮೊದಲು ಲೆಕ್ಕ ಹಾಕಲಿ. ವಾರಕ್ಕೊಮ್ಮೆ ಪ್ರತಿ ಮಗುವಿನೊಂದಿಗೆ ಮಾತಾಡುವ ಹೊತ್ತನ್ನು ವೇಳಾಪಟ್ಟಿಯಲ್ಲೇ ಬರೆದು, ಅದಕ್ಕೂ ಸಂಬಳ ಕೊಡಲಿ. ರಾತ್ರಿ ಒಂಬತ್ತಕ್ಕೆ ಮನೆಗೆಲಸದ ನಡುವೆ ಟೀಚರೇ ಹೇಗೋ ಹೊಂದಿಸಿಕೊಳ್ಳಲಿ ಎನ್ನುವುದು ಅನ್ಯಾಯ.

ಪೋಷಕರಲ್ಲೊಂದು ವಿನಂತಿ: ಟೀಚರ್ ನಂಬರಿನಿಂದ ಕರೆ ಬಂದಾಗ ದೂರೋ, ಶುಲ್ಕದ ನೆನಪೋ ಎಂದು ಗಾಬರಿಯಾಗಬೇಡಿ. ನಮಸ್ಕಾರ ಹೇಳಿ, ಫೋನನ್ನು ಮೊದಲು ಮಗುವಿನ ಕೈಗೆ ಕೊಡಿ.