ಪಕ್ಷ ಯಾರದು? 1969ರ ಭಾರತ ಮತ್ತು ಚಿತ್ರದುರ್ಗದ ನಿಜಲಿಂಗಪ್ಪ

ಸ್ವತಂತ್ರ ಭಾರತದ ರಾಜಕೀಯ ಇತಿಹಾಸದಲ್ಲಿ 1947, 1975, 1991ನೇ ಇಸವಿಗಳಿಗೆ ಸಿಕ್ಕಿರುವ ಪ್ರಾಮುಖ್ಯ 1969ಕ್ಕೆ ಸಿಕ್ಕಿಲ್ಲವಾದರೂ, ಇಂದಿನ ಪಕ್ಷ ರಾಜಕಾರಣದ ಸ್ವರೂಪವೂ ಹಳ್ಳಿಗಾಡಿನ ರೈತನಿಗೂ ಬ್ಯಾಂಕಿಗೂ ಇರುವ ಸಂಬಂಧವೂ ಬಹುಮಟ್ಟಿಗೆ ಆ ಒಂದು ವರ್ಷದಲ್ಲಿಯೇ ರೂಪುಗೊಂಡವು. ಆ ವರ್ಷದ ನಿರ್ಣಾಯಕ ಘಟನೆಗಳ ನಡುವೆ ನಿಂತಿದ್ದ ಇಬ್ಬರಲ್ಲಿ ಒಬ್ಬರು ಪ್ರಧಾನಿ ಇಂದಿರಾ ಗಾಂಧಿಯವರಾದರೆ, ಇನ್ನೊಬ್ಬರು ಚಿತ್ರದುರ್ಗದಲ್ಲಿ ವಕೀಲಿ ವೃತ್ತಿಯಿಂದ ಸಾರ್ವಜನಿಕ ಜೀವನಕ್ಕೆ ಬಂದ ಎಸ್. ನಿಜಲಿಂಗಪ್ಪನವರು. ಇಂದಿರಾ ಅವರ ಬಗ್ಗೆ ಗ್ರಂಥಗಳ ರಾಶಿಯೇ ಇದೆ. ನಿಜಲಿಂಗಪ್ಪನವರ ಪಾತ್ರವನ್ನು ಮಾತ್ರ ಸೋತವರ ಪಟ್ಟಿಯಲ್ಲಿ ಒಂದು ಸಾಲಾಗಿ ಮುಗಿಸುವ ರೂಢಿ ಬೆಳೆದಿದೆ. ಅವರು ಎತ್ತಿದ ಪ್ರಶ್ನೆ ಇಂದಿಗೂ ಜೀವಂತವಾಗಿರುವುದರಿಂದ ಆ ರೂಢಿ ಸರಿಯಲ್ಲ.

1902ರ ಡಿಸೆಂಬರ್ 10ರಂದು ಅಂದಿನ ಬಳ್ಳಾರಿ ಜಿಲ್ಲೆಯ ಹಲುವಾಗಲಿನಲ್ಲಿ ಜನಿಸಿದ ನಿಜಲಿಂಗಪ್ಪನವರು ದಾವಣಗೆರೆ, ಬೆಂಗಳೂರು ಮತ್ತು ಪುಣೆಗಳಲ್ಲಿ ಓದಿ ಚಿತ್ರದುರ್ಗದಲ್ಲಿ ನೆಲೆ ನಿಂತರು. 1939ರಲ್ಲಿ ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ, ಹೆಂಡದ ಮೂಲವಾದ ಈಚಲು ಮರಗಳನ್ನು ಕಡಿಯುವ ಮೂಲಕ ನಡೆದ ಸತ್ಯಾಗ್ರಹ ಅವರನ್ನು ಹಳೆಯ ಮೈಸೂರು ಸೀಮೆಯ ಹೋರಾಟದ ಮುಂಚೂಣಿಗೆ ತಂದಿತು. ಕರ್ನಾಟಕ ಏಕೀಕರಣದ ನೇತಾರರಲ್ಲೊಬ್ಬರಾದ ಅವರು 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾದರು; 1962ರ ಚುನಾವಣೆಯಲ್ಲಿ ತಮ್ಮದೇ ಜಿಲ್ಲೆಯ ಹೊಸದುರ್ಗ ಕ್ಷೇತ್ರದಲ್ಲಿ ಸೋತರೂ, ಬಾಗಲಕೋಟೆಯಿಂದ ವಿಧಾನಸಭೆಗೆ ಬಂದು ಅದೇ ವರ್ಷದ ಜೂನ್‌ನಲ್ಲಿ ಮತ್ತೆ ಮುಖ್ಯಮಂತ್ರಿಯಾದರು. 1968ರಲ್ಲಿ ಅಖಿಲ ಭಾರತ ಕಾಂಗ್ರೆಸ್ ಅಧ್ಯಕ್ಷ ಪದವಿಗೇರಿದ ಅವರು ಆ ವರ್ಷದ ಮೇ ತಿಂಗಳಲ್ಲಿ ಮುಖ್ಯಮಂತ್ರಿ ಸ್ಥಾನವನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟುಕೊಟ್ಟು ದೆಹಲಿಯ ಹೊಣೆಯನ್ನು ಪೂರ್ಣವಾಗಿ ಹೊತ್ತರು.

ಅವರು ಅಧ್ಯಕ್ಷರಾದ ಹೊತ್ತಿಗೆ ಕಾಂಗ್ರೆಸ್ ಒಳಗೇ ಎರಡಾಗಿತ್ತು. ನೆಹರೂ ಅವರ ಕೊನೆಯ ದಿನಗಳಿಂದ ಪಕ್ಷದ ಸಂಘಟನೆಯನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಕಾಮರಾಜ್, ಎಸ್. ಕೆ. ಪಾಟೀಲ್, ಅತುಲ್ಯ ಘೋಷ್, ನೀಲಂ ಸಂಜೀವ ರೆಡ್ಡಿ ಮತ್ತು ನಿಜಲಿಂಗಪ್ಪನವರ ಗುಂಪನ್ನು ಪತ್ರಿಕೆಗಳು 'ಸಿಂಡಿಕೇಟ್' ಎಂದು ಕರೆಯುತ್ತಿದ್ದವು; ತಮ್ಮ ತಮ್ಮ ಪ್ರಾಂತಗಳಲ್ಲಿ ಬಲಿಷ್ಠರಾಗಿದ್ದು, ಕೂಡಿ ಕುಳಿತು ಪಕ್ಷದ ನಿರ್ಧಾರಗಳನ್ನು ರೂಪಿಸುವ ಹಿರಿಯರ ಕೂಟ ಎಂಬುದು ಆ ಹೆಸರಿನ ಭಾವ. 1966ರಲ್ಲಿ ಇಂದಿರಾ ಅವರನ್ನು ಪ್ರಧಾನಿ ಪಟ್ಟಕ್ಕೆ ತರುವುದರಲ್ಲಿ ಈ ಹಿರಿಯರ ಪಾತ್ರವೇ ದೊಡ್ಡದು. ಆದರೆ 1967ರ ಚುನಾವಣೆಯಲ್ಲಿ ಕಾಂಗ್ರೆಸ್ ಹಲವು ರಾಜ್ಯಗಳನ್ನು ಕಳೆದುಕೊಂಡು, ಕೇಂದ್ರದಲ್ಲಿಯೂ ಬಹುಮತ ಕುಗ್ಗಿದ ಮೇಲೆ, ಪಕ್ಷ ಮುಂದೆ ಯಾವ ದಾರಿ ಹಿಡಿಯಬೇಕೆಂಬುದರ ಬಗ್ಗೆ ಸಂಘಟನೆಗೂ ಸರ್ಕಾರಕ್ಕೂ ಭಿನ್ನಾಭಿಪ್ರಾಯ ಬೆಳೆಯಿತು. 1969ರ ಏಪ್ರಿಲ್‌ನಲ್ಲಿ ಫರಿದಾಬಾದಿನಲ್ಲಿ ನಡೆದ ಅಧಿವೇಶನದಲ್ಲಿ ನಿಜಲಿಂಗಪ್ಪನವರು ಅಧ್ಯಕ್ಷ ಭಾಷಣದಲ್ಲಿಯೇ ಸಾರ್ವಜನಿಕ ವಲಯದ ಉದ್ದಿಮೆಗಳ ಕಾರ್ಯವೈಖರಿಯನ್ನು ಟೀಕಿಸಿದಾಗ, ಇಂದಿರಾ ಅದೇ ವೇದಿಕೆಯಿಂದ ಅದನ್ನು ವಿರೋಧಿಸಿದರು.

ಬಿರುಕು ಬಾಯಿಬಿಡಲು ಒಂದು ಸಾವು ಕಾರಣವಾಯಿತು. ಮೇ 3ರಂದು ರಾಷ್ಟ್ರಪತಿ ಡಾ. ಜಾಕಿರ್ ಹುಸೇನ್ ತೀರಿಕೊಂಡರು; ಅಧಿಕಾರದಲ್ಲಿದ್ದಾಗಲೇ ನಿಧನರಾದ ಮೊದಲ ರಾಷ್ಟ್ರಪತಿ ಅವರು. ಉಪರಾಷ್ಟ್ರಪತಿ ವಿ. ವಿ. ಗಿರಿ ಹಂಗಾಮಿ ರಾಷ್ಟ್ರಪತಿಯಾದರು, ಅಂದರೆ ಹೊಸಬರ ಆಯ್ಕೆಯವರೆಗೆ ಆ ಸ್ಥಾನದ ಕೆಲಸ ನೋಡಿಕೊಳ್ಳುವವರಾದರು. ರಾಷ್ಟ್ರಪತಿಯೂ ಉಪರಾಷ್ಟ್ರಪತಿಯೂ ಇಬ್ಬರೂ ಇಲ್ಲದಿದ್ದರೆ ಯಾರು ಎಂಬುದಕ್ಕೆ ಅಲ್ಲಿಯವರೆಗೆ ಕಾನೂನೇ ಇರಲಿಲ್ಲ. ಸಂಸತ್ತು ಅದೇ ಮೇ ತಿಂಗಳಲ್ಲಿ ಕಾಯ್ದೆ ಮಾಡಿ ಆ ಹೊಣೆಯನ್ನು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ವಹಿಸಿತು. ಈ ಮುಂದಾಲೋಚನೆ ಎರಡೇ ತಿಂಗಳಲ್ಲಿ ಪ್ರಯೋಜನಕ್ಕೆ ಬಂದಿತು.

ಜುಲೈ ಎರಡನೇ ವಾರದಲ್ಲಿ ಇಡೀ ದೇಶದ ಕಣ್ಣು ಬೆಂಗಳೂರಿನ ಮೇಲೆ ನೆಟ್ಟಿತು. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನಡೆದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಸಭೆಗೆ ಇಂದಿರಾ ಅವರು ಬ್ಯಾಂಕುಗಳ ರಾಷ್ಟ್ರೀಕರಣವೂ ಸೇರಿದಂತೆ ಹಲವು ಸಲಹೆಗಳಿದ್ದ ಟಿಪ್ಪಣಿಯೊಂದನ್ನು ಕಳುಹಿಸಿದರು. ಅಲ್ಲಿಯೇ ಸೇರಿದ ಪಕ್ಷದ ಸಂಸದೀಯ ಮಂಡಳಿ, ರಾಷ್ಟ್ರಪತಿ ಸ್ಥಾನಕ್ಕೆ ಜಗಜೀವನ ರಾಂ ಅವರ ಹೆಸರನ್ನು ಮುಂದಿಟ್ಟಿದ್ದ ಪ್ರಧಾನಿಯ ಮಾತನ್ನು ಬದಿಗಿರಿಸಿ, ಬಹುಮತದಿಂದ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯಾಗಿ ಆರಿಸಿತು. ಪ್ರಧಾನಿಗೆ ತಮ್ಮದೇ ಪಕ್ಷದ ಸಭೆಯಲ್ಲಿ ಹೀಗೆ ಬಹಿರಂಗವಾಗಿ ಸೋಲಾದುದು ಸಣ್ಣ ವಿಷಯವಾಗಿರಲಿಲ್ಲ. ಮುಂದಿನ ಒಂದೇ ವಾರದಲ್ಲಿ ಅದಕ್ಕೆ ಪ್ರತ್ಯುತ್ತರ ಬಂದಿತು. ಜುಲೈ 16ರಂದು ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆಯನ್ನು ಹಿಂದಕ್ಕೆ ಪಡೆಯಲಾಯಿತು. ಜುಲೈ 19ರಂದು 14 ದೊಡ್ಡ ಖಾಸಗಿ ಬ್ಯಾಂಕುಗಳನ್ನು ಸರ್ಕಾರ ವಶಪಡಿಸಿಕೊಳ್ಳುವ ಸುಗ್ರೀವಾಜ್ಞೆ, ಎಂದರೆ ಸಂಸತ್ತು ಸೇರದಿರುವಾಗ ರಾಷ್ಟ್ರಪತಿಯ ಅಂಕಿತದಿಂದ ಜಾರಿಗೆ ಬರುವ ತಾತ್ಕಾಲಿಕ ಕಾನೂನು, ಹೊರಬಿದ್ದಿತು. ಎರಡು ದಿನ ಕಾದಿದ್ದರೆ ಸಂಸತ್ತೇ ಸೇರುತ್ತಿತ್ತು. ಅದಕ್ಕೆ ಸಹಿ ಹಾಕಿದ ಗಿರಿಯವರು ಮರುದಿನ ರಾಜೀನಾಮೆ ಕೊಟ್ಟು ಸ್ವತಂತ್ರ ಅಭ್ಯರ್ಥಿಯಾಗಿ ರಾಷ್ಟ್ರಪತಿ ಚುನಾವಣೆಗೆ ನಿಂತರು, ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ಹಂಗಾಮಿ ರಾಷ್ಟ್ರಪತಿಯಾದರು.

ಬ್ಯಾಂಕ್ ರಾಷ್ಟ್ರೀಕರಣವನ್ನು ಅಧಿಕಾರದ ಚದುರಂಗದ ಒಂದು ನಡೆ ಎಂದಷ್ಟೇ ಬಣ್ಣಿಸುವವರು ಅದರ ಹಿಂದಿನ ಹಸಿವನ್ನು ಮರೆಯುತ್ತಾರೆ. 1951-52ರಲ್ಲಿ ರಿಸರ್ವ್ ಬ್ಯಾಂಕಿನ ಪರವಾಗಿ ನಡೆದ ಗ್ರಾಮೀಣ ಸಾಲದ ಸಮೀಕ್ಷೆ, ರೈತರು ಪಡೆದ ಒಟ್ಟು ಸಾಲದಲ್ಲಿ ವಾಣಿಜ್ಯ ಬ್ಯಾಂಕುಗಳ ಪಾಲು ಶೇಕಡಾ ಒಂದನ್ನೂ ಮುಟ್ಟುವುದಿಲ್ಲವೆಂದೂ, ಬಹುಪಾಲು ಸಾಲ ಲೇವಾದೇವಿಗಾರರಿಂದಲೇ ಬರುತ್ತದೆಂದೂ ತೋರಿಸಿತ್ತು. 1969ರ ಜೂನ್‌ನಲ್ಲಿ ಇಡೀ ದೇಶದಲ್ಲಿ ಇದ್ದ ಬ್ಯಾಂಕ್ ಶಾಖೆಗಳು 8,262. ಸರಾಸರಿ ಸುಮಾರು 65 ಸಾವಿರ ಜನರಿಗೆ ಒಂದು ಶಾಖೆ, ಅವುಗಳಲ್ಲಿಯೂ ಹಳ್ಳಿಗಳಲ್ಲಿದ್ದವು ಕಾಲು ಭಾಗಕ್ಕಿಂತ ಕಡಿಮೆ. ಹಿರಿಯೂರು ತಾಲ್ಲೂಕಿನಲ್ಲಿ ವಾಣಿ ವಿಲಾಸ ಸಾಗರದ ನೀರು ಹರಿಯುವ ಕೆಲವು ಊರುಗಳನ್ನು ಬಿಟ್ಟರೆ, ಯಲ್ಲದಕೆರೆಯಂಥ ಮಳೆಯಾಶ್ರಯದ ಊರುಗಳಲ್ಲಿ, ಹಾಗೆಯೇ ಹೊಸದುರ್ಗ, ಹೊಳಲ್ಕೆರೆಗಳ ಬೆದ್ದಲು ಸೀಮೆಯಲ್ಲಿ, ಒಂದು ಮಳೆ ಕೈಕೊಟ್ಟರೆ ಬಿತ್ತನೆ ಬೀಜಕ್ಕೂ ಎತ್ತಿಗೂ ಸಾಲ ಬೇಕಾಗುತ್ತಿದ್ದ ರೈತನಿಗೆ ಬ್ಯಾಂಕ್ ಎಂಬುದು ಪಟ್ಟಣದ ವ್ಯಾಪಾರಿಗಳ ಸಂಸ್ಥೆಯಾಗಿತ್ತು.

ರಾಷ್ಟ್ರೀಕರಣಕ್ಕೆ ಇಟ್ಟ ಅಳತೆ ಐವತ್ತು ಕೋಟಿ ರೂಪಾಯಿಗಿಂತ ಹೆಚ್ಚಿನ ಠೇವಣಿ. ಆ ಅಳತೆಗೆ ಸಿಕ್ಕಿದ 14 ಬ್ಯಾಂಕುಗಳಲ್ಲಿ ಎರಡು ಕರಾವಳಿ ಕನ್ನಡನಾಡಿನಲ್ಲಿ ಹುಟ್ಟಿದವು: 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಮಂಗಳೂರಿನಲ್ಲಿ ಕಟ್ಟಿದ ಕೆನರಾ ಬ್ಯಾಂಕ್ ಮತ್ತು 1925ರಲ್ಲಿ ಉಡುಪಿಯಲ್ಲಿ ಆರಂಭವಾದ ಸಿಂಡಿಕೇಟ್ ಬ್ಯಾಂಕ್. ಸಿಂಡಿಕೇಟ್ ಬ್ಯಾಂಕ್ ಮನೆಮನೆಗೆ ಹೋಗಿ ಪುಡಿಗಾಸಿನ ಪಿಗ್ಮಿ ಠೇವಣಿ ಸಂಗ್ರಹಿಸುವ ಪದ್ಧತಿಯಿಂದ ಬೆಳೆದ ಸಂಸ್ಥೆಯಾದುದರಿಂದ, ಬಡವರ ಉಳಿತಾಯವನ್ನು ಬ್ಯಾಂಕಿಗೆ ತರುವ ಕೆಲಸ ಸರ್ಕಾರದ ಆಜ್ಞೆಗೂ ಮೊದಲೇ ಇಲ್ಲಿ ನಡೆದಿತ್ತು ಎಂಬುದನ್ನು ನ್ಯಾಯವಾಗಿ ಹೇಳಬೇಕು. 1969ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ತಂದ ಲೀಡ್ ಬ್ಯಾಂಕ್ ಯೋಜನೆಯಂತೆ ಪ್ರತಿ ಜಿಲ್ಲೆಯ ಸಾಲ ವಿತರಣೆ ಮತ್ತು ಶಾಖಾ ವಿಸ್ತರಣೆಯ ಮುಂದಾಳ್ತನವನ್ನು ಒಂದೊಂದು ಬ್ಯಾಂಕಿಗೆ ವಹಿಸಲಾಯಿತು. ಚಿತ್ರದುರ್ಗ ಜಿಲ್ಲೆಯ ಆ ಹೊಣೆ ಕೆನರಾ ಬ್ಯಾಂಕಿನದು. ಅದರ ಪ್ರಾಯೋಜಕತ್ವದಲ್ಲಿಯೇ ಮುಂದೆ ಚಿತ್ರದುರ್ಗ ಗ್ರಾಮೀಣ ಬ್ಯಾಂಕ್ ಹುಟ್ಟಿ, 2005ರ ವಿಲೀನದವರೆಗೆ ತನ್ನ ಹೆಸರಿನಲ್ಲಿಯೇ ಈ ಸೀಮೆಯಲ್ಲಿ ಕೆಲಸ ಮಾಡಿತು. ಸಾಲ ವಸೂಲಿಯ ದೌರ್ಬಲ್ಯ, ರಾಜಕೀಯ ಹಸ್ತಕ್ಷೇಪ, ಸಾಲ ಮೇಳಗಳ ದುರುಪಯೋಗ ಮುಂತಾದ ದೋಷಗಳು ರಾಷ್ಟ್ರೀಕರಣದ ಬೆನ್ನಿಗೇ ಬಂದವೆಂಬುದು ನಿಜ. ಆದರೂ ಹಳ್ಳಿಯ ಜನರಿಗೆ ಬ್ಯಾಂಕಿನ ಬಾಗಿಲು ತೆರೆದುದು ಆ ಜುಲೈ ತಿಂಗಳ ನಂತರವೇ.

ರಾಷ್ಟ್ರೀಕರಣದ ಮೂಲ ಕಾಯ್ದೆ ಹಾಗೆಯೇ ಉಳಿಯಲಿಲ್ಲ. ಷೇರುದಾರ ಆರ್. ಸಿ. ಕೂಪರ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1970ರ ಫೆಬ್ರುವರಿ 10ರಂದು ಅದನ್ನು ರದ್ದುಪಡಿಸಿತು. ನಾಲ್ಕೇ ದಿನಗಳಲ್ಲಿ ಸರ್ಕಾರ ಪರಿಹಾರದ ಮೊತ್ತವನ್ನು ಗೊತ್ತುಪಡಿಸಿ ಹೊಸ ಸುಗ್ರೀವಾಜ್ಞೆ ತಂದಿತು.

ಇತ್ತ ರಾಷ್ಟ್ರಪತಿ ಚುನಾವಣೆಯಲ್ಲಿ ಪಕ್ಷದ ಅಧಿಕೃತ ಅಭ್ಯರ್ಥಿ ಸಂಜೀವ ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿದ್ದವರು ಸ್ವತಃ ಇಂದಿರಾ. ಆದರೆ ಮತದಾನ ಹತ್ತಿರವಾದಂತೆ ಅವರು ಕಾಂಗ್ರೆಸ್ ಶಾಸಕರು ಮತ್ತು ಸಂಸದರು ಆತ್ಮಸಾಕ್ಷಿಯಂತೆ ಮತ ಹಾಕಲಿ ಎಂಬ ನಿಲುವು ತಳೆದರು. ವಿಪ್ ಹೊರಡಿಸಬೇಕು, ಎಂದರೆ ಪಕ್ಷದ ಸದಸ್ಯರೆಲ್ಲರೂ ಹೀಗೆಯೇ ಮತ ಹಾಕತಕ್ಕದ್ದೆಂಬ ಲಿಖಿತ ಕಟ್ಟಪ್ಪಣೆ ಕೊಡಬೇಕು, ಎಂಬ ನಿಜಲಿಂಗಪ್ಪನವರ ಒತ್ತಾಯಕ್ಕೆ ಅವರು ಮಣಿಯಲಿಲ್ಲ. ನಿಜಲಿಂಗಪ್ಪನವರು ಎಡವಿದುದು ಇಲ್ಲಿಯೇ: ರೆಡ್ಡಿಯವರಿಗೆ ದ್ವಿತೀಯ ಪ್ರಾಶಸ್ತ್ಯದ ಮತಗಳನ್ನು ಗಳಿಸಲು ಅವರು ಸ್ವತಂತ್ರ ಪಕ್ಷ ಮತ್ತು ಜನಸಂಘದ ಮುಖಂಡರೊಡನೆ ಮಾತುಕತೆ ನಡೆಸಿದುದು, ಸಿಂಡಿಕೇಟ್ ಬಲಪಂಥದೊಡನೆ ಕೈಜೋಡಿಸಿದೆ ಎಂಬ ಎದುರಾಳಿಗಳ ಪ್ರಚಾರಕ್ಕೆ ತಾನಾಗಿಯೇ ಆಧಾರ ಒದಗಿಸಿತು. ಸಂಘಟನೆಯ ಶಿಸ್ತಿನ ಪರವಾಗಿ ಅವರು ಮುಂದಿಟ್ಟ ವಾದ ಎಷ್ಟೇ ಸರಿಯಾಗಿದ್ದರೂ, ಅದನ್ನು ಕೇಳಬೇಕಾಗಿದ್ದ ಜನರಿಗೆ ಆ ಮಾತುಕತೆಯ ಸುದ್ದಿಯೇ ಮೊದಲು ತಲುಪಿತು.

ಆಗಸ್ಟ್ 16ರಂದು ಮತದಾನ ನಡೆದು 20ರಂದು ಎಣಿಕೆಯಾಯಿತು. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ವಿರೋಧ ಪಕ್ಷಗಳ ಅಭ್ಯರ್ಥಿ ಸಿ. ಡಿ. ದೇಶಮುಖರಿಗೆ 1,12,769 ಮೌಲ್ಯದ ಮತಗಳು ಬಂದವು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಸಿಗದ ಕಾರಣ, ಕೆಳಗಿನ ಅಭ್ಯರ್ಥಿಗಳ ಮತಪತ್ರಗಳಲ್ಲಿ ಎರಡನೆಯ ಆಯ್ಕೆಯೆಂದು ಗುರುತಿಸಿದ್ದವರಿಗೆ ಮತಗಳನ್ನು ವರ್ಗಾಯಿಸಿ ಎಣಿಸಲಾಯಿತು; ಗಿರಿ 4,20,077 ಮೌಲ್ಯದ ಮತಗಳಿಂದ, ರೆಡ್ಡಿಯವರ 4,05,427ನ್ನು ಹಿಂದಿಕ್ಕಿ ಗೆದ್ದರು. ಭಾರತದ ರಾಷ್ಟ್ರಪತಿ ಚುನಾವಣೆ ಎರಡನೆಯ ಸುತ್ತಿನ ಎಣಿಕೆಗೆ ಹೋದುದು ಇದೊಂದೇ ಸಲ.

ದೇಶ ಈ ಕಾದಾಟದಲ್ಲಿ ಮುಳುಗಿದ್ದಾಗಲೇ ಬೇರೆ ಸಂಗತಿಗಳೂ ನಡೆದವು. ವರ್ಷದ ಆರಂಭದಲ್ಲಿ ಮದ್ರಾಸ್ ರಾಜ್ಯ ತಮಿಳುನಾಡಾಯಿತು, ಅದಾದ ಕೆಲವೇ ವಾರಗಳಲ್ಲಿ ಅದರ ಮುಖ್ಯಮಂತ್ರಿ ಅಣ್ಣಾದೊರೈ ತೀರಿಕೊಂಡರು. ತೆಲಂಗಾಣದಲ್ಲಿ ಪ್ರತ್ಯೇಕ ರಾಜ್ಯದ ಚಳವಳಿ ರಕ್ತ ಹರಿಸಿತು. ಗಾಂಧಿ ಜನ್ಮಶತಾಬ್ದಿಯ ಹೊಸ್ತಿಲಲ್ಲಿ, ಗಾಂಧಿಯವರ ಕರ್ಮಭೂಮಿಯಾದ ಅಹಮದಾಬಾದಿನಲ್ಲಿಯೇ ಸೆಪ್ಟೆಂಬರ್‌ನಲ್ಲಿ ಭೀಕರ ಕೋಮುಗಲಭೆ ನಡೆದುದು ಆ ವರ್ಷದ ಅತ್ಯಂತ ನೋವಿನ ಅಧ್ಯಾಯ. ಆಗಸ್ಟ್ 15ರಂದು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ, ಇಂದಿನ ಇಸ್ರೋ, ಸ್ಥಾಪನೆಯಾಯಿತು. ಅಂದು ಹೆಚ್ಚು ಗಮನ ಸೆಳೆಯದ ಆ ಸಂಸ್ಥೆ 2023ರ ಏಪ್ರಿಲ್ 2ರಂದು, ಮರುಬಳಕೆಯ ಉಡಾವಣಾ ವಾಹನವನ್ನು ತಾನಾಗಿ ನೆಲಕ್ಕಿಳಿಸುವ ಪ್ರಯೋಗವನ್ನು ನಡೆಸಿದುದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಪರೀಕ್ಷಾ ವಲಯದಲ್ಲಿ.

ನವೆಂಬರ್ ಹೊತ್ತಿಗೆ ಸಂಧಾನದ ದಾರಿಗಳೆಲ್ಲ ಮುಚ್ಚಿದ್ದವು. ತಿಂಗಳ ಮೊದಲ ದಿನ ಕಾಂಗ್ರೆಸ್ ಕಾರ್ಯಕಾರಿ ಸಮಿತಿಯ ಒಂದು ಸಭೆ ಜಂತರ್ ಮಂತರ್ ರಸ್ತೆಯ ಪಕ್ಷದ ಕಚೇರಿಯಲ್ಲಿಯೂ ಇನ್ನೊಂದು ಪ್ರಧಾನಿಯ ನಿವಾಸದಲ್ಲಿಯೂ ನಡೆದವು. ನವೆಂಬರ್ 12ರಂದು ನಿಜಲಿಂಗಪ್ಪನವರ ನೇತೃತ್ವದ ಸಮಿತಿ ಅಶಿಸ್ತಿನ ಕಾರಣ ನೀಡಿ ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಉಚ್ಚಾಟಿಸಿತು. ಚಿತ್ರದುರ್ಗದ ವಕೀಲರೊಬ್ಬರು ಅಧ್ಯಕ್ಷರಾಗಿ ದೇಶದ ಪ್ರಧಾನಿಯನ್ನು ಪಕ್ಷದಿಂದ ಹೊರಗೆ ಹಾಕಿದ ಈ ಕ್ರಮದಲ್ಲಿ ಆತುರವಿತ್ತೆಂದು ಹೇಳಬಹುದು, ಅಂಜಿಕೆಯಿತ್ತೆಂದು ಯಾರೂ ಹೇಳಲಾರರು. ಆದರೆ ಕಾಂಗ್ರೆಸ್ ಸಂಸದರಲ್ಲಿ ಬಹುಪಾಲು ಜನ ಪ್ರಧಾನಿಯ ಜೊತೆಗೇ ನಿಂತರು. ತಿಂಗಳ ಕೊನೆಯ ವಾರ ದೆಹಲಿಯಲ್ಲಿ ತಮ್ಮದೇ ಸಭೆ ಸೇರಿಸಿದ ಆ ಬಣ, ಡಿಸೆಂಬರ್‌ನ ಮುಂಬಯಿ ಅಧಿವೇಶನದಲ್ಲಿ ಜಗಜೀವನ ರಾಂ ಅವರನ್ನು ಅಧ್ಯಕ್ಷರನ್ನಾಗಿ ಮಾಡಿಕೊಂಡಿತು. ಹಳೆಯ ಸಂಘಟನೆಯ ಕಾಂಗ್ರೆಸ್ 'ಸಂಸ್ಥಾ ಕಾಂಗ್ರೆಸ್' ಎಂಬ ಹೆಸರಿನಲ್ಲಿ ಉಳಿಯಿತು. ಮೈಸೂರು ರಾಜ್ಯದಲ್ಲಿ ವೀರೇಂದ್ರ ಪಾಟೀಲರ ಸರ್ಕಾರ ನಿಜಲಿಂಗಪ್ಪನವರ ಜೊತೆಗೆ ನಿಂತರೆ, ದೇವರಾಜ ಅರಸು ಇಂದಿರಾ ಬಣವನ್ನು ಕಟ್ಟಲು ಮುಂದಾದರು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳನ್ನೂ, ಚಿತ್ರದುರ್ಗವನ್ನೂ ಸೇರಿಸಿಕೊಂಡು, ಇಂದಿರಾ ಅವರ ಪಕ್ಷವೇ ಗೆದ್ದಿತು. ಮರುವರ್ಷ ಅರಸು ಮುಖ್ಯಮಂತ್ರಿಯಾದರು.

ಪಕ್ಷ ಯಾರದು, ಸಂಘಟನೆಯನ್ನು ನಡೆಸುವ ಅಧ್ಯಕ್ಷರದೋ ಜನರ ಮತ ಪಡೆದು ಸರ್ಕಾರ ನಡೆಸುವ ನಾಯಕರದೋ ಎಂಬ ಪ್ರಶ್ನೆ ಕೊನೆಗೆ ನ್ಯಾಯಾಲಯದ ಮೆಟ್ಟಿಲೇರಿತು. ನಿಜಲಿಂಗಪ್ಪನವರು ಕೊಟ್ಟ ಉತ್ತರ ಅವರದೇ ಪಕ್ಷದಲ್ಲಿ ನಿಲ್ಲಲಿಲ್ಲ; ಆ ಸೋಲಿನ ನಂತರ ಪಕ್ಷದ ಅಧ್ಯಕ್ಷರು ಪ್ರಧಾನಿಯನ್ನು ಪ್ರಶ್ನಿಸುವ ಸಂಪ್ರದಾಯ ಕಾಂಗ್ರೆಸ್ಸಿನಲ್ಲಿ ಬೆಳೆಯಲಿಲ್ಲ, ಬೇರೆ ಪಕ್ಷಗಳೂ ಈ ವಿಷಯದಲ್ಲಿ ಹೆಚ್ಚಿನದೇನನ್ನೂ ಸಾಧಿಸಿಲ್ಲ. ಎರಡೂ ಬಣಗಳು ಬಯಸಿದ, ಒಡೆಯದ ಕಾಂಗ್ರೆಸ್ಸಿನ ಚುನಾವಣಾ ಚಿಹ್ನೆಯಾಗಿದ್ದ ಜೋಡೆತ್ತಿನ ಗುರುತು 1971ರ ಚುನಾವಣೆಯಲ್ಲಿ ಇಬ್ಬರಿಗೂ ದಕ್ಕಲಿಲ್ಲ. ಇಂದಿರಾ ಬಣಕ್ಕೆ ಹಸು-ಕರು, ಸಂಸ್ಥಾ ಕಾಂಗ್ರೆಸ್ಸಿಗೆ ಚರಕದಲ್ಲಿ ನೂಲುವ ಮಹಿಳೆಯ ಗುರುತು ಸಿಕ್ಕಿತು. ಶಾಸನಸಭೆಗಳಲ್ಲಿಯೂ ಸಂಘಟನೆಯಲ್ಲಿಯೂ ಬಹುಮತ ಇರುವ ಬಣವೇ ನಿಜವಾದ ಪಕ್ಷ ಎಂಬ ಚುನಾವಣಾ ಆಯೋಗದ ತೀರ್ಮಾನವನ್ನು ಸುಪ್ರೀಂ ಕೋರ್ಟ್ ಅದೇ ವರ್ಷ ಸಾದಿಕ್ ಅಲಿ ಪ್ರಕರಣದಲ್ಲಿ ಎತ್ತಿಹಿಡಿಯಿತು. 2023ರಲ್ಲಿ ಶಿವಸೇನೆಯ ಎರಡು ಬಣಗಳ ನಡುವೆ ಪಕ್ಷದ ಹೆಸರು ಮತ್ತು ಗುರುತಿನ ವ್ಯಾಜ್ಯ ಬಂದಾಗ ಚುನಾವಣಾ ಆಯೋಗ ತೂಗಿ ನೋಡಿದುದು, 1969ರ ಒಡಕಿನಿಂದ ಹುಟ್ಟಿದ ಆ ತೀರ್ಪಿನ ಅಳತೆಗೋಲನ್ನು ಹಿಡಿದೇ.