ಬೀಗ ತೆಗೆದ ಮೇಲಿನ ಸಂಕಟ

ಅಮೆರಿಕದ ಸಂಸತ್ತು ಖರ್ಚಿನ ಮಸೂದೆಗೆ ಒಪ್ಪಿಗೆ ಕೊಡದಿದ್ದರೆ ಅಲ್ಲಿನ ಎಷ್ಟೋ ಸರ್ಕಾರಿ ಕಚೇರಿಗಳಿಗೆ ಬೀಗ ಬೀಳುತ್ತದೆ; ಇದೇ ಶಟ್‌ಡೌನ್. ತೆರಿಗೆ ಇಲಾಖೆಯಾದ ಐಆರ್‌ಎಸ್ ಕೂಡ ಅದಕ್ಕೆ ಹೊರತಲ್ಲ. ಬೀಗ ತೆಗೆದ ದಿನ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ತೆರಿಗೆದಾರನಿಗೆ ನಿಜವಾದ ಪೆಟ್ಟು ಬೀಳುವುದು ಅಲ್ಲಿಂದಾಚೆ.

2018ರ ಡಿಸೆಂಬರ್ 22ರಿಂದ 35 ದಿನ ನಡೆದ ಶಟ್‌ಡೌನನ್ನೇ ನೋಡಿ. ಐಆರ್‌ಎಸ್‌ನ ಸುಮಾರು 80 ಸಾವಿರ ನೌಕರರಲ್ಲಿ ಮೊದಲು ಕೆಲಸಕ್ಕೆ ಉಳಿದದ್ದು ಎಂಟರಲ್ಲಿ ಒಬ್ಬರು. ರಿಟರ್ನ್ ಸಲ್ಲಿಕೆಯ ಕಾಲ ಹತ್ತಿರವಾದಂತೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕರೆ ಹೋಯಿತು, ಸಂಬಳವಿಲ್ಲದೆ ದುಡಿಯಲು. ಓಡಾಟದ ಖರ್ಚಿಗೂ ಕೈ ಖಾಲಿಯಾದವರು ಬರಲಾಗದು ಎಂದರು. ಕೊನೆಗೆ ಕಚೇರಿ ತೆರೆದಾಗ ವಿಲೇವಾರಿಗೆ ಕಾದಿದ್ದ ಅಂಚೆ 50 ಲಕ್ಷಕ್ಕೂ ಹೆಚ್ಚು. ತಿದ್ದುಪಡಿ ರಿಟರ್ನ್‌ಗಳು 87 ಸಾವಿರ. ಬಡ ದುಡಿಮೆಗಾರರ ತೆರಿಗೆ ರಿಯಾಯಿತಿಯ ತನಿಖೆಗೆ ಬಂದ ಉತ್ತರಗಳೇ 80 ಸಾವಿರ. ಆ ಒಂದೊಂದು ಲಕೋಟೆಯ ಹಿಂದೆಯೂ ಹಣಕ್ಕಾಗಿ ಕಾಯುತ್ತಿದ್ದ ಒಂದು ಮನೆಯಿತ್ತು. ಹಿಂದಿನ ವರ್ಷ 4 ನಿಮಿಷವಿದ್ದ ಫೋನ್ ಕಾಯುವಿಕೆ 17 ನಿಮಿಷಕ್ಕೇರಿತು. ಅಷ್ಟು ಕಾದರೂ ಅರ್ಧದಷ್ಟು ಕರೆಗಳಿಗೆ ಸಿಬ್ಬಂದಿಯೇ ಸಿಗಲಿಲ್ಲ.

ಈ ಹಾನಿಯ ಮೂಲ ಸರಳ. ಯಂತ್ರ ಮಾಡುವ ಕೆಲಸ ನಿಲ್ಲುವುದಿಲ್ಲ, ಮನುಷ್ಯ ಮಾಡುವ ಕೆಲಸ ನಿಲ್ಲುತ್ತದೆ. ಬಾಕಿಯ ಮೇಲೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಲೆಕ್ಕ ತಪ್ಪಾಗಿದೆ ಎಂದು ಹೇಳಿಕೊಳ್ಳಲು ಹೋದರೆ ಕೇಳಬೇಕಾದವರು ಮನೆಯಲ್ಲಿರುತ್ತಾರೆ. ಸರ್ಕಾರಕ್ಕೂ ಲಾಭವಿಲ್ಲ. ತೆರಿಗೆ ವಸೂಲಿಯ ನಿಗಾ ತಪ್ಪಿದ್ದೇ ಮುಖ್ಯ ಕಾರಣವಾಗಿ ಆ ಸಲ ವರಮಾನ ಸುಮಾರು 200 ಕೋಟಿ ಡಾಲರ್ ಕುಗ್ಗಿತೆಂದು ಸಂಸತ್ತಿನದೇ ಬಜೆಟ್ ಕಚೇರಿ ಅಂದಾಜಿಸಿತು.

2025ರ ಶಟ್‌ಡೌನ್ 43 ದಿನ ನಡೆಯಿತು. ಅಕ್ಟೋಬರ್ 8ರಂದು ಐಆರ್‌ಎಸ್ ಸುಮಾರು 34 ಸಾವಿರ ನೌಕರರನ್ನು ಮನೆಗೆ ಕಳಿಸಿತು. ಅದೇ ವರ್ಷ ಇಲಾಖೆ ಸುಮಾರು ಕಾಲುಭಾಗ ಸಿಬ್ಬಂದಿಯನ್ನು ಆಗಲೇ ಕಳೆದುಕೊಂಡಿತ್ತು. ರಾಶಿ ಬೀಳುವ ಕಾಗದ ಕರಗಿಸಲು ಕೈಗಳೇ ಕಡಿಮೆಯಾಗಿರುವಾಗ, ಮುಂದಿನ ಶಟ್‌ಡೌನ್ ಇದಕ್ಕಿಂತ ಆಳವಾಗಿ ಕಚ್ಚೀತು ಎಂಬುದು ನನ್ನ ಖಚಿತ ಆತಂಕ. ಹಿಡಿದಿಟ್ಟ ಸಂಬಳ ಆಮೇಲೆ ಕೊಡಬೇಕೆಂದು 2019ರ ಕಾನೂನು ಹೇಳುತ್ತದೆ, ನಿಜ. ಮನೆ ಬಾಡಿಗೆ ಅಲ್ಲಿಯತನಕ ಕಾಯುವುದಿಲ್ಲ. ಅನುಭವಸ್ಥ ನೌಕರ ಎಷ್ಟು ಸಲ ಇದನ್ನು ತಡೆದುಕೊಂಡಾನು?

ಅಲ್ಲಿ ದುಡಿಯುವ ನಮ್ಮ ಕನ್ನಡಿಗರಿಗೊಂದು ಮಾತು. ರಿಟರ್ನನ್ನು ಆನ್‌ಲೈನ್‌ನಲ್ಲೇ ಸಲ್ಲಿಸಿ, ಮರುಪಾವತಿ ನೇರ ಬ್ಯಾಂಕ್ ಖಾತೆಗೆ ಬರಲಿ. ನೋಟಿಸ್ ಬಂದರೆ ಗಡುವಿನೊಳಗೇ ಉತ್ತರಿಸಿ, ಪ್ರತಿಯನ್ನೂ ಅಂಚೆ ರಸೀದಿಯನ್ನೂ ಜೋಪಾನವಾಗಿಡಿ. ರಿಟರ್ನ್ ಸಲ್ಲಿಕೆಗೆ ಹೆಚ್ಚುವರಿ ಸಮಯ ಪಡೆದವರಿಗೆ 2025ರ ಶಟ್‌ಡೌನ್ ನಡುವೆಯೇ ಬಂದ ಅಕ್ಟೋಬರ್ 15ರ ಗಡುವನ್ನು ಇಲಾಖೆ ಒಂದು ದಿನವೂ ಮುಂದೂಡಲಿಲ್ಲ.